ಮಾತು ಕೇಳಿ ಹಾಡುವ ಪೆಟ್ಟಿಗೆ

ಈಚಿನ ಕೆಲವು ವರ್ಷಗಳಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಉದ್ಯೋಗದಲ್ಲಿದ್ದುಕೊಂಡು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿರುವ ತಮ್ಮ ತಂದೆತಾಯಿಗಳಿಗೆ ಒಂದು ಸಣ್ಣ ಯಂತ್ರವನ್ನು ಕಾಣಿಕೆಯಾಗಿ ಕಳುಹಿಸುತ್ತಿರುವರು. ಅಂಗೈಯಗಲದ ಈ ಪೆಟ್ಟಿಗೆಗೆ ಸ್ಮಾರ್ಟ್ ಸ್ಪೀಕರ್ ಎಂದು ಹೆಸರು. ಹೆಸರು ಹಿಡಿದು ಕರೆದು ಇಂಥ ಹಾಡು ಬೇಕೆಂದರೆ ಹಾಡುತ್ತದೆ, ಸಾಕೆಂದರೆ ನಿಲ್ಲಿಸುತ್ತದೆ. ಪೋಷಕರ ಸಭೆಗಳಲ್ಲಿ ಇದರ ವಿಷಯವಾಗಿ ನಮ್ಮನ್ನು ಕೇಳುವವರು ಹೆಚ್ಚುತ್ತಿರುವುದರಿಂದ, ಇದು ಹೇಗೆ ಕೆಲಸ ಮಾಡುತ್ತದೆ, ಇದನ್ನು ಮನೆಗೆ ತಂದವರು ಯಾವ ಯಾವ ವಿಷಯಗಳಲ್ಲಿ ಎಚ್ಚರವಾಗಿರಬೇಕು, ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದರಿಂದ ಲಾಭವೇನು ನಷ್ಟವೇನು ಎಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ವಿವರಿಸುವುದು ಯುಕ್ತವೆಂದು ನಮಗೆ ತೋರಿತು.

ಯಂತ್ರದಿಂದ ಸಂಗೀತ ಕೇಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1877ರಲ್ಲಿ ಅಮೆರಿಕದ ಎಡಿಸನ್ ಎಂಬಾತನು ಫೋನೋಗ್ರಾಫನ್ನು ನಿರ್ಮಿಸಿದನು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿತವಾದವು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮುಖದಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರವೇ ಹಿಡಿಯುತ್ತಿದ್ದುದರಿಂದ, ಗಂಟೆಗಟ್ಟಲೆ ಹಾಡಬಲ್ಲ ವಿದ್ವಾಂಸರೂ ವಿದುಷಿಯರೂ ತಮ್ಮ ರಾಗವನ್ನು ಅಷ್ಟರೊಳಗೆ ಅಡಕಮಾಡಬೇಕಾಗಿದ್ದಿತು. ಆಮೇಲೆ ರೇಡಿಯೋ ಬಂದಿತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ 30 ವ್ಯಾಟ್ ಶಕ್ತಿಯ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ಮೈಸೂರಿನ ಕೇಂದ್ರಕ್ಕೆ ಸಂದು, ಅನಂತರ ಭಾರತದ ಬಾನುಲಿಗೆಲ್ಲ ವ್ಯಾಪಿಸಿತು. 1955ರಲ್ಲಿ ಬೆಂಗಳೂರಿನಲ್ಲಿ ಆಕಾಶವಾಣಿಯ ಕೇಂದ್ರವು ಸ್ಥಾಪಿತವಾದ ಮೇಲೆ ನಮ್ಮ ತಾಲ್ಲೂಕುಗಳಿಗೂ ಆ ದನಿ ಸಮೀಪವಾಯಿತು.

ಗ್ರಾಮಫೋನಿಗೆ ತಟ್ಟೆ ಬೇಕಾಗಿದ್ದಿತು. ರೇಡಿಯೋ ಕೇಳಲು ವೇಳೆಗೆ ಸರಿಯಾಗಿ ಕಾದು ಕೂಡಬೇಕಾಗಿದ್ದಿತು. 2014ರಲ್ಲಿ ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆಯು ಹೊರತಂದ ಎಕೋ ಎಂಬ ಪೆಟ್ಟಿಗೆಗೆ ಈ ಎರಡೂ ಬೇಡವಾದವು. ಅದು ಭಾರತಕ್ಕೆ 2017ರಲ್ಲಿ ಬಂದಿತು. ಗೂಗಲ್ ಸಂಸ್ಥೆಯ ಹೋಮ್ ಎಂಬ ಪೆಟ್ಟಿಗೆ 2018ರಲ್ಲಿ ಬಂದಿತು. ತಟ್ಟೆಯನ್ನೂ ವೇಳೆಯನ್ನೂ ಕೇಳದ ಈ ಯಂತ್ರವು ಬೇರೆ ಮೂರನ್ನು ಕೇಳುತ್ತದೆ: ಎಡೆಬಿಡದ ಇಂಟರ್‌ನೆಟ್ಟು, ಸಂಗೀತ ಒದಗಿಸುವ ಸಂಸ್ಥೆಯಲ್ಲಿ ಒಂದು ಖಾತೆ, ಮತ್ತು ನಮ್ಮ ದನಿ. ಈ ಮೂರನ್ನೂ ತಿಳಿದುಕೊಂಡವರಿಗೆ ಯಂತ್ರವನ್ನು ತಿಳಿದುಕೊಂಡಂತೆಯೇ ಆಗುವುದು.

ಮೊದಲು ದನಿಯ ವಿಷಯ. ಪೆಟ್ಟಿಗೆಯು ಯಾವಾಗಲೂ ಕಿವಿಗೊಟ್ಟೇ ಇರುತ್ತದೆ. ಆದರೆ ‘ಅಲೆಕ್ಸಾ’ ಅಥವಾ ‘ಓಕೆ ಗೂಗಲ್’ ಎಂಬ ಕರೆಯ ಮಾತೊಂದನ್ನು ಗುರುತಿಸುವಷ್ಟು ಬುದ್ಧಿಯನ್ನು ಮಾತ್ರ ಅದರೊಳಗೇ ಇಟ್ಟಿರುವರು. ಆ ಮಾತು ಕೇಳಿಬಂದೊಡನೆ ದೀಪ ಹೊತ್ತಿಕೊಳ್ಳುವುದು. ಅಲ್ಲಿಂದ ಮುಂದೆ ನಾವು ಆಡಿದ ಮಾತು ಇಂಟರ್‌ನೆಟ್ಟಿನ ಮೂಲಕ ಆ ಸಂಸ್ಥೆಯ ದೊಡ್ಡ ಗಣಕಯಂತ್ರಗಳಿಗೆ ಹೋಗಿ, ಅಲ್ಲಿ ಅಕ್ಷರಗಳಾಗಿ ಮಾರ್ಪಟ್ಟು, ಅರ್ಥ ಮಾಡಲ್ಪಟ್ಟು, ಬೇಕಾದ ಹಾಡು ಯಾವುದೆಂದು ನಿಶ್ಚಯವಾಗುವುದು. ಇಷ್ಟೆಲ್ಲ ಒಂದೆರಡು ಸೆಕೆಂಡುಗಳಲ್ಲಿ ನಡೆದುಹೋಗುತ್ತದೆ.

ಅಡಿಗೆಮನೆಯಲ್ಲಿ ಕುಕ್ಕರಿನ ಸದ್ದು, ಹಜಾರದಲ್ಲಿ ಮಕ್ಕಳ ಗಲಾಟೆ ಇದ್ದರೂ ಅದು ಕರೆದವರ ದನಿಯನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ನಾವು ತರಗತಿಯಲ್ಲಿ ಹುಡುಗಿಯರಿಗೆ ಗೌರಿಬಿದನೂರಿನ ರೇಡಿಯೋ ದೂರದರ್ಶಕವನ್ನು ಉದಾಹರಿಸುವುದುಂಟು. ಆಕಾಶದಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಹಿಡಿಯುವುದಕ್ಕಾಗಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಅಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟು ನಿಲ್ಲಿಸಿದವು. ಒಂದೊಂದೇ ಆಂಟೆನಾ ಎಲ್ಲ ದಿಕ್ಕುಗಳ ಅಲೆಗಳನ್ನೂ ಬೆರಸಿ ಹಿಡಿಯುತ್ತದೆ. ಎಲ್ಲವನ್ನೂ ತಕ್ಕ ಕಾಲವ್ಯತ್ಯಾಸದೊಡನೆ ಕೂಡಿಸಿದರೆ ಒಂದು ದಿಕ್ಕಿನದು ಬಲಗೊಂಡು ಮಿಕ್ಕವು ಅಡಗುತ್ತವೆ. ಈ ಪೆಟ್ಟಿಗೆಯಲ್ಲಿರುವುದೂ ಅದೇ ಉಪಾಯ. ಮೊದಲು ಬಂದ ಎಕೋ ಯಂತ್ರದ ತಲೆಯ ಮೇಲೆ 7 ಮೈಕ್ರೊಫೋನುಗಳಿದ್ದವು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಹೋಗುವುದರಿಂದ, 7 ಸೆಂಟಿಮೀಟರು ಅಂತರದಲ್ಲಿರುವ ಎರಡು ಮೈಕ್ರೊಫೋನುಗಳಿಗೆ ಒಂದೇ ದನಿಯು ತಲುಪುವಲ್ಲಿ ಹೆಚ್ಚೆಂದರೆ ಸೆಕೆಂಡಿನ 5000ದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಬೀಳುತ್ತದೆ. ಅಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಲೆಕ್ಕಹಾಕಿ ಯಂತ್ರವು ಕರೆದವರ ದಿಕ್ಕನ್ನು ಅರಿಯುತ್ತದೆ. ನಕ್ಷತ್ರಲೋಕಕ್ಕೆ ಕಿವಿಗೊಡುವ ವಿದ್ಯೆಯೂ ಅಜ್ಜಿಯ ಮಾತಿಗೆ ಕಿವಿಗೊಡುವ ವಿದ್ಯೆಯೂ ಮೂಲದಲ್ಲಿ ಒಂದೇ ಎಂದು ತಿಳಿದಾಗ ಹುಡುಗಿಯರ ಮುಖಗಳು ಅರಳುವುದನ್ನು ನಾವು ಕಂಡಿದ್ದೇವೆ.

ಇನ್ನು ಹಾಡು ಬರುವ ಬಗೆ. ಹಾಡು ಪೆಟ್ಟಿಗೆಯೊಳಗೆ ಇರುವುದಿಲ್ಲ. ದೂರದ ಗಣಕಯಂತ್ರದಿಂದ ತುಣುಕು ತುಣುಕಾಗಿ ಹರಿದು ಬಂದು, ಕೆಲವು ಸೆಕೆಂಡುಗಳಷ್ಟು ಮುಂಚಿತವಾಗಿ ಶೇಖರವಾಗಿ, ಆಮೇಲೆ ನುಡಿಯುತ್ತದೆ. ಮೇಲಿನ ತೊಟ್ಟಿಗೆ ನೀರು ಸ್ವಲ್ಪ ನಿಂತು ಬಂದರೂ ಕೆಳಗಿನ ನಲ್ಲಿ ನಿಲ್ಲದೆ ಹರಿಯುವಂತೆ ಇದು ನಡೆಯುವುದು. ತೊಟ್ಟಿ ಬರಿದಾದಾಗ ಮಾತ್ರ ಹಾಡು ನಡುವೆ ತಡೆಯುತ್ತದೆ. ಸಂಗೀತವನ್ನು ಪೂರ್ಣವಾಗಿ ಕಳುಹಿಸಬೇಕಾದರೆ ಬಹಳ ಜಾಗ ಬೇಕು. ಆದಕಾರಣ ಕಿವಿಗೆ ಹೇಗೂ ಕೇಳದ ಭಾಗಗಳನ್ನು ಬಿಟ್ಟು ಉಳಿದುದನ್ನು ಕಳುಹಿಸುತ್ತಾರೆ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಯಂತ್ರ ತಿರುಗುತ್ತಿರುವಾಗ ಪಕ್ಕದವರ ಪಿಸುಮಾತು ಕೇಳದೆ ಹೋಗುವಂತೆ, ಹಾಡಿನಲ್ಲಿಯೂ ದೊಡ್ಡ ನಾದವು ತನ್ನ ಸಮೀಪದ ಸಣ್ಣ ನಾದವನ್ನು ಮುಚ್ಚಿಬಿಡುತ್ತದೆ. ಮುಚ್ಚಿಹೋದುದನ್ನು ಕಳುಹಿಸದಿದ್ದರೆ ನಷ್ಟವಿಲ್ಲವೆಂಬ ಈ ತತ್ವವನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಎಂ.ಪಿ.3 ಎಂಬ ವಿಧಾನದಲ್ಲಿ ಬಳಕೆಗೆ ತಂದರು. ಇದರಿಂದ ಹಾಡಿನ ಗಾತ್ರ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಖರ್ಚಿನ ಲೆಕ್ಕವನ್ನು ಗೃಹಿಣಿಯರು ತಾವೇ ಮಾಡಿಕೊಳ್ಳಬಹುದು. ಸಾಧಾರಣ ಗುಣದ ಸಂಗೀತವು ಸೆಕೆಂಡಿಗೆ 160 ಕಿಲೋಬಿಟ್ ವೇಗದಲ್ಲಿ ಬರುತ್ತದೆಂದು ಇಟ್ಟುಕೊಂಡರೆ ಗಂಟೆಗೆ 72 ಎಂ.ಬಿ. ಆಗುವುದು. ದಿನಕ್ಕೆ ಎರಡು ಗಂಟೆಯಂತೆ 30 ದಿನಗಳಿಗೆ ಸುಮಾರು 4.3 ಜಿ.ಬಿ. ಆಯಿತು, ಉತ್ತಮ ಗುಣದ್ದಾದರೆ ಇದರ ಇಮ್ಮಡಿ. ಮನೆಗೆ ಫೈಬರ್ ತಂತಿಯ ಸಂಪರ್ಕವಿದ್ದರೆ ಇದು ದೊಡ್ಡದಲ್ಲ. ಮೊಬೈಲಿನ ಹಾಟ್‌ಸ್ಪಾಟಿನಿಂದ ನಡೆಸುವವರು ಮಾತ್ರ ಲೆಕ್ಕವಿಡತಕ್ಕದ್ದು. ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ವೈ-ಫೈ ಅಲೆಗಳು ಒಳಕೋಣೆಗೆ ಸರಿಯಾಗಿ ತಲುಪುವುದಿಲ್ಲ. ಆದಕಾರಣ ರೌಟರನ್ನು ಮನೆಯ ನಡುಭಾಗದಲ್ಲಿ ಎತ್ತರದ ಜಾಗದಲ್ಲಿ ಇಡುವುದು ಒಳ್ಳೆಯದು. 5 ಗಿಗಾಹರ್ಟ್ಸ್ ಅಲೆಗಿಂತ 2.4 ಗಿಗಾಹರ್ಟ್ಸ್ ಅಲೆಯು ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ವಿದ್ಯುತ್ತು ಹೋದಾಗ ರೌಟರೂ ಪೆಟ್ಟಿಗೆಯೂ ಎರಡೂ ಮೂಕವಾಗುವುದರಿಂದ ಎರಡನ್ನೂ ಯು.ಪಿ.ಎಸ್.ಗೆ ಜೋಡಿಸಬೇಕು. ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡ ಹಾಡುಗಳಿದ್ದರೆ ಇಂಟರ್‌ನೆಟ್ಟು ಇಲ್ಲದಿದ್ದರೂ ಬ್ಲೂಟೂತ್ ಮೂಲಕ ನುಡಿಸಬಹುದು.

ನಮ್ಮ ಸೀಮೆಯವರಿಗೆ ವಿಶೇಷವಾಗಿ ಬರುವ ತೊಡಕು ಭಾಷೆಯದು. ಇಲ್ಲಿ ಒಂದೇ ಮನೆಯಲ್ಲಿ ಕನ್ನಡವೂ ತೆಲುಗೂ ಬೆರೆತಿರುತ್ತವೆ. ಪಕ್ಕದ ಮನೆಯಲ್ಲಿ ಉರ್ದು. ಕೈವಾರದ ತಾತಯ್ಯನವರು ಕನ್ನಡ ತೆಲುಗುಗಳೆರಡರಲ್ಲಿಯೂ ಪದಗಳನ್ನು ರಚಿಸಿದ್ದು ಈ ಮಣ್ಣಿನ ಸ್ವಭಾವಕ್ಕೆ ಒಪ್ಪುವಂಥದೇ. ಆದರೆ ಈ ಪೆಟ್ಟಿಗೆಗಳು ಭಾರತಕ್ಕೆ ಬಂದಾಗ ಇಂಗ್ಲಿಷನ್ನು ಮಾತ್ರ ಬಲ್ಲವಾಗಿದ್ದವು. ಅಲೆಕ್ಸಾ ಹಿಂದಿಯನ್ನು ಕಲಿತದ್ದೂ 2019ರಲ್ಲಿ. ಇಂಗ್ಲಿಷಿಗೆ ಪಳಗಿದ ಕಿವಿಯು ‘ಳ’ಕಾರ ‘ಣ’ಕಾರಗಳನ್ನೂ ಹ್ರಸ್ವದೀರ್ಘಗಳನ್ನೂ ತಪ್ಪಾಗಿ ಗ್ರಹಿಸುವುದರಿಂದ, ತಾತಯ್ಯನವರ ಪದವನ್ನು ಕೇಳಿದವರಿಗೆ ಯಾವುದೋ ಸಿನಿಮಾ ಹಾಡು ದೊರೆಯುವುದುಂಟು. ವಯಸ್ಸಾದ ತಾಯಿಯೊಬ್ಬಳು ಮೂರು ಸಲ ಕೇಳಿ, ತನ್ನ ಮಾತೇ ಸರಿಯಿಲ್ಲವೇನೋ ಎಂದು ನಾಚಿ ಸುಮ್ಮನಾಗುವಳು. ಆಕೆಯ ಮಾತು ಸರಿಯಾಗಿಯೇ ಇದೆ. ಯಂತ್ರದ ಕಲಿಕೆ ಸಾಲದು. ಇದನ್ನು ಮಕ್ಕಳು ಆಕೆಗೆ ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಸುಲಭವಾದ ಪರಿಹಾರವೂ ಉಂಟು. ಆಕೆಗೆ ಪ್ರಿಯವಾದ ಹಾಡುಗಳನ್ನು ಮೊಬೈಲಿನಲ್ಲಿ ಒಂದು ಪಟ್ಟಿಯಾಗಿ ಮಾಡಿ, ಅದಕ್ಕೆ ‘ಮಾರ್ನಿಂಗ್’ ಎಂತಲೋ ‘ಸಂಡೇ’ ಎಂತಲೋ ಯಂತ್ರಕ್ಕೆ ತಿಳಿಯುವ ಚಿಕ್ಕ ಹೆಸರಿಟ್ಟರೆ, ಆ ಒಂದು ಮಾತಿನಿಂದ ಎಲ್ಲವೂ ದೊರೆಯುವುದು.

ಖಾತೆಯ ವಿಷಯದಲ್ಲಿಯೂ ಒಂದು ಮಾತು. ದುಡ್ಡು ಕೊಡದೆ ಕೇಳಿದರೆ ನಡುನಡುವೆ ಜಾಹೀರಾತುಗಳು ಬರುತ್ತವೆ. ಕೇಳಿದ ಹಾಡೇ ಬರುವುದೆಂಬ ಭರವಸೆಯೂ ಇಲ್ಲ. ದುಡ್ಡು ಕೊಟ್ಟ ಖಾತೆಯಾದರೂ, ಒಬ್ಬರಿಗೆಂದು ಪಡೆದದ್ದು ಸಾಮಾನ್ಯವಾಗಿ ಒಂದು ಸಮಯಕ್ಕೆ ಒಂದೇ ಕಡೆ ನುಡಿಯುತ್ತದೆ. ಮಗಳು ಬೆಂಗಳೂರಿನ ಬಸ್ಸಿನಲ್ಲಿ ಹಾಡು ಕೇಳತೊಡಗಿದೊಡನೆ ಚಿಂತಾಮಣಿಯಲ್ಲಿ ತಾಯಿಯ ಪೆಟ್ಟಿಗೆ ನಿಂತುಹೋಗುವುದು ಈ ಕಾರಣದಿಂದಲೇ ಹೊರತು ಯಂತ್ರ ಕೆಟ್ಟಿದ್ದರಿಂದಲ್ಲ. ತಾಯಿಯ ಪೆಟ್ಟಿಗೆಗೆ ಬೇರೊಂದು ಖಾತೆಯನ್ನು ಮಾಡಿಸಿಕೊಡುವುದು ಮಗಳ ಕರ್ತವ್ಯ.

ಈಗ ಎಲ್ಲಕ್ಕಿಂತಲೂ ಗಂಭೀರವಾದ ವಿಷಯಕ್ಕೆ ಬರುವೆವು. ಈ ಪೆಟ್ಟಿಗೆ ಹಾಡುವುದರ ಜೊತೆಗೆ ಕೇಳುತ್ತಲೂ ಇರುತ್ತದೆ. ಟಿ.ವಿ.ಯಲ್ಲಿ ಅದರ ಹೆಸರನ್ನು ಹೋಲುವ ಮಾತು ಬಂದರೆ ಕರೆಯದಿದ್ದರೂ ಎಚ್ಚೆತ್ತು, ಆಮೇಲಿನ ಮನೆಮಾತಿನ ಕೆಲವು ಸೆಕೆಂಡುಗಳನ್ನು ದೂರಕ್ಕೆ ಕಳುಹಿಸಿಬಿಡಬಹುದು. ಅಮೆರಿಕದಲ್ಲಿ ಮಕ್ಕಳ ದನಿಮುದ್ರಿಕೆಗಳನ್ನು ಇಟ್ಟುಕೊಂಡ ವಿಷಯದಲ್ಲಿ ಅಲ್ಲಿನ ಸರ್ಕಾರವು ಹೂಡಿದ ಮೊಕದ್ದಮೆಯನ್ನು ಮುಗಿಸಿಕೊಳ್ಳಲು ಅಮೆಜಾನ್ ಸಂಸ್ಥೆಯು 2023ರಲ್ಲಿ 25 ಮಿಲಿಯನ್ ಡಾಲರುಗಳ ದಂಡವನ್ನು ತೆರಲು ಒಪ್ಪಿತು. ನಮ್ಮ ಪಾರ್ಲಿಮೆಂಟು ಅದೇ ವರ್ಷದಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, 18 ವರ್ಷ ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸುತ್ತದೆ. ಆದರೆ ಕಾಯಿದೆಯು ಬಾಗಿಲ ಹೊರಗಿನ ಕಾವಲುಗಾರ. ಒಳಗಿನ ಕಾವಲು ನಮ್ಮದೇ. ಆದಕಾರಣ ಈ ಪೆಟ್ಟಿಗೆಯನ್ನು ಹಜಾರದಲ್ಲಿ ಇಡಿರಿ. ಹೆಣ್ಣುಮಕ್ಕಳು ಮಲಗುವ ಕೋಣೆಯಲ್ಲಿಯೂ ಬಟ್ಟೆ ಬದಲಾಯಿಸುವ ಕೋಣೆಯಲ್ಲಿಯೂ ಇಡಬೇಡಿರಿ. ಮೈಕ್ರೊಫೋನನ್ನು ಮುಚ್ಚುವ ಗುಂಡಿ ಅದರ ಮೈಮೇಲೆಯೇ ಇರುತ್ತದೆ. ಮನೆಯ ಗುಟ್ಟಿನ ಮಾತಿಗೆ ಕುಳಿತಾಗ ಅದನ್ನು ಒತ್ತಿರಿ. ಶೇಖರವಾಗಿರುವ ದನಿಗಳನ್ನು ಮೊಬೈಲಿನಲ್ಲಿ ನೋಡಿ ಅಳಿಸಲು ಅವಕಾಶವುಂಟು; ತಿಂಗಳಿಗೊಮ್ಮೆ ಅಳಿಸಿರಿ. ಮನೆಗೆ ಬಂದ ನೆಂಟರಿಗೆ ಇಂಥದೊಂದು ಇಲ್ಲಿ ಇದೆಯೆಂದು ತಿಳಿಸುವುದು ಮರ್ಯಾದೆ.

ಇಷ್ಟು ಎಚ್ಚರಿಕೆ ಹೇಳಿದುದರಿಂದ ನಾವು ಇದನ್ನು ದೂರುತ್ತೇವೆಂದು ಯಾರೂ ತಿಳಿಯಬಾರದು. ಕಣ್ಣು ಮಂಜಾದವರಿಗೂ, ಕೈ ನಡುಗುವವರಿಗೂ, ಗುಂಡಿಗಳನ್ನು ಒತ್ತಲಾರದವರಿಗೂ ಬರಿಯ ಮಾತಿನಿಂದ ಕೀರ್ತನೆಯನ್ನೋ ವೇದಪಾಠವನ್ನೋ ಕೇಳಲು ಸಾಧ್ಯವಾದುದು ದೊಡ್ಡ ಉಪಕಾರ. ಒಂಟಿಯಾಗಿರುವ ಮುದುಕಿಯ ಮನೆಯಲ್ಲಿ ಸಾಯಂಕಾಲ ಒಂದು ದನಿ ಕೇಳಿಸುವುದು ಸಣ್ಣ ಮಾತಲ್ಲ. ಆದರೆ ಮಗಳ ದನಿಯ ಸ್ಥಾನವನ್ನು ಅದು ತುಂಬಲಾರದು. ಪೆಟ್ಟಿಗೆಯನ್ನು ಕಳುಹಿಸಿದ ಮೇಲೆ ವಾರದ ಟೆಲಿಫೋನು ಮಾತು ಹದಿನೈದು ದಿನಕ್ಕೊಮ್ಮೆಯಾದರೆ, ಕಾಣಿಕೆಯು ಕೊಟ್ಟುದಕ್ಕಿಂತ ಹೆಚ್ಚನ್ನು ಕಿತ್ತುಕೊಂಡಂತಾಯಿತು.

ಉಪಾಧ್ಯಾಯಿನಿಯಾಗಿ ನಮ್ಮನ್ನು ಕಾಡುವ ಚಿಂತೆ ಮತ್ತೊಂದುಂಟು. ಲಕ್ಷಾಂತರ ಹಾಡುಗಳನ್ನು ಬಲ್ಲ ಈ ಯಂತ್ರಕ್ಕೆ, ಯಾರೂ ಮುದ್ರಿಸದ ಹಾಡು ಒಂದೂ ತಿಳಿಯದು. ನಿಮ್ಮ ಅಜ್ಜಿ ಬೀಸುವಾಗ ಹಾಡಿದ ಪದ, ಮದುವೆಯಲ್ಲಿ ಹೇಳಿದ ಸೋಬಾನೆ, ಹಳ್ಳಿಯ ಸಭೆಯಲ್ಲಿ ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಬಂದ ಕೀರ್ತನೆಯ ಧಾಟಿ, ಇವನ್ನು ಎಷ್ಟು ಸಲ ಕೇಳಿದರೂ ಅದು ಬೇರೇನನ್ನೋ ಹಾಡುತ್ತದೆ. ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವವು ಮೂರು ದಿನ ಹಗಲಿರುಳು ಎಡೆಬಿಡದೆ ನಡೆಯುವುದು ಜನರು ಸ್ವತಃ ಬಂದು ಸರದಿಯಂತೆ ಹಾಡುವುದರಿಂದ. ಹಾಗೆಯೇ ಪ್ರತಿಯೊಂದು ಮನೆಯಲ್ಲಿಯೂ ಹಾಡುವವರು ಇದ್ದರೆ ಮಾತ್ರ ಹಾಡು ಉಳಿಯುವುದು. ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯನ್ನು ಈಗಲೂ ಹಾರ್ಮೋನಿಯಮ್ಮಿನೊಡನೆ ಹುಡುಗಿಯರೇ ಹಾಡುವಂತೆ ನಡೆಸುತ್ತಿರುವುದು ಈ ಉದ್ದೇಶದಿಂದಲೇ. ದನಿ ಒರಟಾಗಿರಲಿ, ಶ್ರುತಿ ಸ್ವಲ್ಪ ಜಾರಲಿ. ತನ್ನ ದನಿಯನ್ನು ತಾನು ಎತ್ತಲು ಅಂಜದ ಹುಡುಗಿಯು ನಾಳೆ ಸಭೆಯಲ್ಲಿ ಮಾತನಾಡಲೂ ಅಂಜುವುದಿಲ್ಲ.

ಆದ್ದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ರಜಕ್ಕೆ ಊರಿಗೆ ಬಂದಾಗ, ಪೆಟ್ಟಿಗೆಯ ಮೈಕ್ರೊಫೋನನ್ನು ಮುಚ್ಚಿ, ನಿಮ್ಮ ತಾಯಿಯೋ ಅಜ್ಜಿಯೋ ಬಲ್ಲ ಹಾಡುಗಳನ್ನು ಅವರ ಪಕ್ಕದಲ್ಲಿ ಕುಳಿತು ಕೇಳಿರಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿರಿ, ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ, ಒಂದನ್ನಾದರೂ ಕಲಿತು ನಿಮ್ಮ ಮಗಳಿಗೆ ಕಲಿಸಿರಿ. ಬರೆದುದರ ಒಂದು ಪ್ರತಿಯನ್ನು ಶಾಲೆಗೆ ಕಳುಹಿಸಿಕೊಟ್ಟರೆ, ಶಾಲೆಯ ಪುಸ್ತಕಭಂಡಾರದಲ್ಲಿ ಅದಕ್ಕೆ ಸ್ಥಳವಿದೆ. ಹೀಗೆ ಮಾಡಿದ ಮನೆಯಲ್ಲಿ ಹಾಡುವ ಪೆಟ್ಟಿಗೆಯೂ ಹಾಡುವ ಮಕ್ಕಳೂ ಜೊತೆಯಲ್ಲಿಯೇ ಬಾಳಬಹುದು. ದೇವರು ನಿಮ್ಮ ಮನೆಗಳನ್ನು ಸಮಾಧಾನದಿಂದಲೂ ಸಂಗೀತದಿಂದಲೂ ತುಂಬಿಸಲೆಂದು ಹಾರೈಸುತ್ತೇವೆ.