ಕರೆಂಟು ಇದೆ, ಸರಿಯಾಗಿದೆಯೇ?

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ನೆರೆಯಲ್ಲೇ ಹಟ್ಟಿ ಚಿನ್ನದ ಗಣಿ. ಅತ್ತ ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ಭತ್ತ ನಂಬಿ ನಿಂತ ಅಕ್ಕಿ ಗಿರಣಿಗಳು. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ ತೆಗೆಯುತ್ತಿದ್ದಾರೆ. ಆದರೂ ಮೋಟಾರು ಸುಡುವುದು ತಪ್ಪಿಲ್ಲ. ಸುಟ್ಟ ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋಗುತ್ತದೆ, ಬೈಗುಳ ವಿದ್ಯುತ್ ಪೂರೈಸುವ ಜೆಸ್ಕಾಂಗೆ. ಯಾಕೆ ಸುಟ್ಟಿತೆಂದು ಅಳೆದು ನೋಡುವವರು ಸಿಗುವುದಿಲ್ಲ.

ಹಾಗೆ ಅಳೆಯುವುದೇ ಒಂದು ಕಸುಬು: ವಿದ್ಯುತ್ ಗುಣಮಟ್ಟದ ತಪಾಸಣೆ. ಇದು ಎಂಜಿನಿಯರರ ವಿದ್ಯೆ ಎಂಬ ಭಾವನೆಯಿದೆ. ನನಗೆ ಹಾಗನ್ನಿಸುವುದಿಲ್ಲ. ಗಿರಣಿ, ಆಸ್ಪತ್ರೆ, ಗಣಿಯ ಪ್ಯಾನಲ್ ಬೋರ್ಡ್ ಮುಂದೆ ದಿನವೂ ನಿಲ್ಲುವ ಎಲೆಕ್ಟ್ರಿಷಿಯನ್‌ನಷ್ಟು ಆ ಬೋರ್ಡನ್ನು ಬಲ್ಲವರು ಬೇರೆ ಯಾರು? ಎರಡು ವರ್ಷದ ಐಟಿಐ ಮುಗಿಸಿ ಬಂದವನಿಗೆ ವೈರಿಂಗ್, ಮೋಟಾರು, ಅರ್ಥಿಂಗ್ ಗೊತ್ತು. ಅದರ ಮೇಲೆ ಕಲಿಯಬೇಕಾದದ್ದು ಬೆಟ್ಟದಷ್ಟೇನಲ್ಲ.

ಮೊದಲ ಪಾಠ ಮೂರು ಫೇಸ್‌ಗಳ ಸಮತೋಲನ. ಮೀಟರು 415, 400, 385 ವೋಲ್ಟ್ ತೋರಿಸಿತು ಎನ್ನೋಣ. ಕರೆಂಟು ಇದೆಯಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಸರಾಸರಿ 400, ಅದರಿಂದ ಅತಿ ಹೆಚ್ಚಿನ ವ್ಯತ್ಯಾಸ 15. ಅಂದರೆ ಶೇ 3.75 ಅಸಮತೋಲನ. ವೋಲ್ಟೇಜಿನಲ್ಲಿ ಇಷ್ಟು ಏರುಪೇರಾದರೆ ಮೋಟಾರು ಎಳೆಯುವ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಏರುಪೇರಾಗುತ್ತದೆ. ಒಂದು ಫೇಸಿನ ವೈಂಡಿಂಗ್ ಒಳಗೊಳಗೇ ಕಾಯುತ್ತದೆ. ಶೇ 5 ದಾಟಿದರೆ ಮೋಟಾರು ಓಡಿಸಲೇಬಾರದು. ಕಾರಣ ಟ್ರಾನ್ಸ್‌ಫಾರ್ಮರಿನಲ್ಲಿರಬಹುದು, ಒಂದೇ ಫೇಸಿಗೆ ಲೈಟು, ಎಸಿ ಎಲ್ಲ ಕಟ್ಟಿದ ನಮ್ಮ ವೈರಿಂಗಿನಲ್ಲೂ ಇರಬಹುದು.

ಎರಡನೆಯ ಪಾಠ ತುಸು ಕಠಿಣ: ಹಾರ್ಮೋನಿಕ್ಸ್. ಕರ್ನಾಟಕಕ್ಕೆ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಬಂದದ್ದೇ ಚಿನ್ನದ ಗಣಿಗಾಗಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರಕ್ಕೆ ತಂತಿ ಎಳೆದರು. ಅಂದಿನ ಯಂತ್ರಗಳು ಕರೆಂಟನ್ನು ಅಲೆಯಂತೆ ನುಣ್ಣಗೆ ಎಳೆಯುತ್ತಿದ್ದವು. ಇಂದಿನ ಡ್ರೈವ್, ಯುಪಿಎಸ್, ಎಲ್ಇಡಿ, ಕಂಪ್ಯೂಟರುಗಳು ತುಂಡುತುಂಡಾಗಿ ಎಳೆಯುತ್ತವೆ. ಅಲೆ ವಿಕಾರಗೊಂಡು 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್‌ನ ಹಾರ್ಮೋನಿಕ್ಸ್ ಸೇರಿಕೊಳ್ಳುತ್ತವೆ. ಮೂರನೆಯ ಹಾರ್ಮೋನಿಕ್, ಅಂದರೆ 150ರದ್ದು, ಮೂರು ಫೇಸ್‌ನಿಂದಲೂ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಕರೆಂಟೇ ಇರಬಾರದೆಂದು ನಂಬಿದ ತಂತಿ ಎಲ್ಲಕ್ಕಿಂತ ಬಿಸಿಯಾಗಿರಬಹುದು. ಪವರ್ ಫ್ಯಾಕ್ಟರ್ ಸುಧಾರಿಸಲೆಂದು ಹಾಕಿದ ಕೆಪಾಸಿಟರುಗಳು ಪದೇಪದೇ ಉಬ್ಬಿ ಒಡೆಯುತ್ತಿದ್ದರೆ ಅಲ್ಲೂ ಹಾರ್ಮೋನಿಕ್ಸ್ ಮೇಲೆ ಅನುಮಾನ ಪಡಬೇಕು. ಅಗ್ಗದ ಟಾಂಗ್ ಟೆಸ್ಟರ್ ಈ ವಿಕಾರ ಅಲೆಯನ್ನು ಸರಿಯಾಗಿ ಓದದು, ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಇಲ್ಲಿ ಬೇಕಾದದ್ದು ಟ್ರೂ ಆರ್‌ಎಂಎಸ್ ಮೀಟರು.

ಇನ್ನು ಕಣ್ಣಿಗೆ ಬೀಳದ ಕುಸಿತ. ವೋಲ್ಟೇಜು ಸೆಕೆಂಡಿನ ಒಂದು ಭಾಗದಷ್ಟು ಹೊತ್ತು ಕುಸಿದರೆ ಬಲ್ಬು ಮಿಣುಕುತ್ತದೆ ಅಷ್ಟೆ. ಆದರೆ ಗಿರಣಿಯಲ್ಲಿ ಅಕ್ಕಿ ವಿಂಗಡಿಸುವ ಸಾರ್ಟೆಕ್ಸ್ ಯಂತ್ರ ನಿಂತೇ ಹೋಗಬಹುದು. ಈ ಕುಸಿತವನ್ನು ಹಿಡಿಯಲು, ಏರಿಳಿತಗಳನ್ನು ದಾಖಲಿಸುವ ಪವರ್ ಕ್ವಾಲಿಟಿ ಅನಲೈಸರನ್ನು ಬೋರ್ಡಿಗೆ ಕಟ್ಟಿ ಒಂದು ವಾರ ಬಿಡುತ್ತಾರೆ. ಕುಸಿತದ ಹೊತ್ತನ್ನು ಗಿರಣಿಯ ಲಾಗ್‌ಬುಕ್ಕಿನ ಜೊತೆ ಹೋಲಿಸುವುದೇ ನಿಜವಾದ ಜಾಣ್ಮೆ. ನಮ್ಮದೇ ದೊಡ್ಡ ಮೋಟಾರು ಶುರುವಾದ ಗಳಿಗೆಗೇ ವೋಲ್ಟೇಜು ಬಿದ್ದಿದ್ದರೆ ಜೆಸ್ಕಾಂ ಬೈದು ಉಪಯೋಗವಿಲ್ಲ.

ಈ ವಿಷಯದಲ್ಲಿ ದೇಶಕ್ಕೆ ದೊಡ್ಡ ಸಂಸ್ಥೆ ಬೆಂಗಳೂರಿನಲ್ಲೇ ಇದೆ. 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐ, 1978ರಲ್ಲಿ ಸ್ವಾಯತ್ತವಾಯಿತು. ಪರೀಕ್ಷೆ, ಸಂಶೋಧನೆಯ ಜೊತೆ ತರಬೇತಿಯನ್ನೂ ಕೊಡುತ್ತದೆ. ಆದರೆ ಲಿಂಗಸುಗೂರಿನ ಹುಡುಗನಿಗೆ ಅದು ಸುಮಾರು 400 ಕಿಲೋಮೀಟರ್ ದೂರ. ಈ ಪಾಠ ತಾಲ್ಲೂಕಿನ ಐಟಿಐಗೆ ಬರಬೇಕು. ಅನಲೈಸರ್ ದುಬಾರಿ ಎನಿಸಿದರೆ ನಾಲ್ಕು ಗಿರಣಿಯವರು ಸೇರಿ ಒಂದನ್ನು ಕೊಳ್ಳಲಿ.

ಅಲ್ಲಿಯವರೆಗೆ ಮಾಲೀಕರಲ್ಲಿ ಒಂದು ವಿನಂತಿ. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಒಳ್ಳೆಯ ಮೀಟರು, ಒಂದು ನೋಟ್‌ಬುಕ್ಕು ಕೊಡಿಸಿ. ಮೂರು ಫೇಸ್ ಮತ್ತು ನ್ಯೂಟ್ರಲ್‌ನ ಲೆಕ್ಕವನ್ನು ಬೆಳಿಗ್ಗೆ, ಸಂಜೆ ಬರೆಸಿ. ಮುಂದಿನ ಸಲ ಮೋಟಾರನ್ನು ರಿವೈಂಡಿಂಗ್‌ಗೆ ಕಳಿಸುವ ಮೊದಲು ಆ ಪುಟಗಳನ್ನು ತಿರುವಿ ನೋಡಿ.