ಕಿವಿಗೆ ತಕ್ಕ ಯಂತ್ರ

ಶ್ರವಣ, ಮನನ, ನಿದಿಧ್ಯಾಸನ ಎಂದು ನಮ್ಮ ಪೂರ್ವಿಕರು ಜ್ಞಾನದ ಸೋಪಾನಗಳನ್ನು ಎಣಿಸುವಾಗ ಶ್ರವಣಕ್ಕೇ ಅಗ್ರಸ್ಥಾನವನ್ನು ಕೊಟ್ಟರು. ಪುಸ್ತಕವು ದುರ್ಲಭವಾಗಿದ್ದ ಕಾಲದಲ್ಲಿ ವೇದವೂ ಪುರಾಣವೂ ಕಥೆಯೂ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ನಡೆದು ಬಂದವು. ಸಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಗಣೆಯೆಂಬ ಉದ್ದವಾದ ಬಿದಿರುಕೊಳಲಿನ ದನಿಯೊಡನೆ ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದೂ ಕಿವಿಯ ಬಲದಿಂದಲೇ. ಈಗಲಾದರೋ ಹಾಡುವವನು ಎದುರಿಗೆ ಕುಳಿತಿರಬೇಕಾದದ್ದಿಲ್ಲ. ಗಮಕ, ಹರಿಕಥೆ, ಕಚೇರಿ, ವಾರ್ತೆ, ಎಲ್ಲವೂ ಅಂಗೈಯಗಲದ ಮೊಬೈಲಿನಲ್ಲಿ ಅಡಗಿ ಕುಳಿತಿವೆ. ಯಂತ್ರಗಳು ವರ್ಷಕ್ಕೊಮ್ಮೆ ಹೊಸದಾಗುತ್ತವೆ. ಕಿವಿಯು ಮಾತ್ರ ಹುಟ್ಟಿದಂದಿನಿಂದ ಕಡೆಯವರೆಗೂ ಅದೊಂದೇ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ಊರುಗಳ ಯಾವ ಪೇಟೆಬೀದಿಯಲ್ಲಿ ನೋಡಿದರೂ ಮೊಬೈಲು ಅಂಗಡಿಗಳ ಗೋಡೆಯ ಮೇಲೆ ಇಯರ್‌ಫೋನುಗಳು ಹೂವಿನ ಸರಗಳಂತೆ ತೂಗಾಡುತ್ತಿರುತ್ತವೆ. ನೂರಿನ್ನೂರು ರೂಪಾಯಿಗಳಿಗೆ ದೊರೆಯುವುವೂ ಉಂಟು. ದೊಡ್ಡ ನಗರಗಳಲ್ಲಿ ಇಪ್ಪತ್ತು ಮೂವತ್ತು ಸಾವಿರಕ್ಕೆ ಮಾರುವವೂ ಉಂಟು. “ಸೌಂಡು ಜೋರಾಗಿದೆ ಸ್ವಾಮಿ, ಬೇಸು ಚೆನ್ನಾಗಿದೆ” ಎಂಬುದೇ ಅಂಗಡಿಯವನ ಪ್ರಶಂಸಾವಾಕ್ಯ. ಮಗನೋ ಮೊಮ್ಮಗಳೋ ಕೇಳಿದಾಗ ಯಾವುದನ್ನು ಕೊಡಿಸಬೇಕೆಂದು ತಿಳಿಯದೆ ಗೃಹಸ್ಥನು ಬೆಲೆಯನ್ನೇ ಗುಣವೆಂದು ಭಾವಿಸಿ ಒಂದನ್ನು ಕೊಂಡು ತರುತ್ತಾನೆ. ಆದಕಾರಣ ಆಯ್ಕೆಗೆ ಒಂದು ಸೂತ್ರವಿರುವುದು ಒಳ್ಳೆಯದು. ಮೆಲ್ಲಗೆ ಇಟ್ಟಾಗಲೂ ಮಾತಿನ ಅಕ್ಷರವೂ ಹಾಡಿನ ಸ್ವರವೂ ಸ್ಪಷ್ಟವಾಗಿ ಕೇಳಿಸುವ ಯಂತ್ರವೇ ಉತ್ತಮ. ಜೋರಾಗಿಟ್ಟ ಹೊರತು ರುಚಿಸದ ಯಂತ್ರವು ಎಷ್ಟು ಬೆಲೆಯದಾದರೂ ಅಧಮ. ಮುಂದೆ ಹೇಳುವುದೆಲ್ಲ ಈ ಸೂತ್ರದ ವಿವರಣೆಯೇ.

ದನಿಯು ಹತ್ತಿರ ಬಂದ ಬಗೆ

ಹಿಂದಿನವರ ಕಷ್ಟವು ದನಿಯನ್ನು ದೂರಕ್ಕೆ ಮುಟ್ಟಿಸುವುದಾಗಿತ್ತು. ಧ್ವನಿವರ್ಧಕಗಳು ವಿರಳವಾಗಿದ್ದ ೧೯೨೦ರ ದಶಕದಲ್ಲಿ ಮೈಸೂರಿನ ಪಿಟೀಲು ಚೌಡಯ್ಯನವರು ತಮ್ಮ ವಾದನವು ಸಭೆಯ ಕಟ್ಟಕಡೆಯ ಸಾಲಿಗೂ ಕೇಳಿಸಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಕೂಡಿಸಿದರು. ೧೯೩೫ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಅದಕ್ಕೆ ಇಟ್ಟ “ಆಕಾಶವಾಣಿ” ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಇದಕ್ಕೂ ಮೊದಲೇ, ೧೯೧೦ರಲ್ಲಿ, ಅಮೆರಿಕದ ಯೂಟಾ ಪ್ರಾಂತದ ನಥೇನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಅಡಿಗೆಮನೆಯಲ್ಲಿ ಕುಳಿತು ಕಿವಿಗಳ ಮೇಲೆ ಧರಿಸುವ ಹೆಡ್‌ಫೋನನ್ನು ಸಿದ್ಧಪಡಿಸಿ ಆ ದೇಶದ ನೌಕಾಪಡೆಗೆ ಒದಗಿಸಿದ್ದನು.

ಇಂದಿನ ಕಷ್ಟವು ಇದಕ್ಕೆ ತೀರ ವಿಪರೀತವಾದದ್ದು. ದನಿಯು ಕಿವಿಯ ಹೊಸ್ತಿಲನ್ನು ದಾಟಿ ಒಳಗೇ ಕುಳಿತಿದೆ. ಅದು ಸಾಲದಾಗುವುದು ಅಪರೂಪ, ಅತಿಯಾಗುವುದೇ ಹೆಚ್ಚು.

ಕಿವಿಯ ಲೆಕ್ಕಾಚಾರ

ನಮ್ಮ ಒಂದೊಂದು ಒಳಗಿವಿಯಲ್ಲಿಯೂ ಸುಮಾರು ೧೫,೦೦೦ ಸೂಕ್ಷ್ಮವಾದ ರೋಮಕೋಶಗಳಿವೆ. ದನಿಯ ಅಲೆಗಳನ್ನು ನರದ ಭಾಷೆಗೆ ತಿರುಗಿಸಿ ಮಿದುಳಿಗೆ ಮುಟ್ಟಿಸುವ ಕೆಲಸ ಇವುಗಳದು. ಬತ್ತದ ಪೈರನ್ನು ಬಿರುಗಾಳಿಯು ಮಲಗಿಸಿಬಿಡುವಂತೆ ಅತಿಯಾದ ದನಿಯು ಇವನ್ನು ಕೆಡಿಸುತ್ತದೆ. ಪೈರಾದರೂ ಮತ್ತೊಂದು ಬೆಳೆಗೆ ಏಳುತ್ತದೆ, ಸತ್ತ ರೋಮಕೋಶವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ದನಿಯ ಬಲವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಮನೆಯೊಳಗಿನ ಸಾಧಾರಣ ಸಂಭಾಷಣೆಯು ಸುಮಾರು ೬೦ ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆಯವರು ಪ್ರೌಢರಿಗೆ ಹೇಳಿರುವ ಮಿತಿಯು ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್. ಮಕ್ಕಳಿಗೆ ಅಷ್ಟೇ ಕಾಲಕ್ಕೆ ೭೫. ಬಲವು ೩ ಡೆಸಿಬೆಲ್ ಏರಿದೊಡನೆ ಕಾಲವು ಅರ್ಧಕ್ಕೆ ಇಳಿಯುತ್ತದೆ: ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦ ಗಂಟೆ, ೮೯ಕ್ಕೆ ೫ ಗಂಟೆ. ಮಧುಗಿರಿಯಿಂದ ತುಮಕೂರಿಗೆ ದಿನವೂ ಹೋಗಿಬರುವ ಕಾಲೇಜು ಹುಡುಗನೊಬ್ಬನು ಬಸ್ಸಿನಲ್ಲಿ ಎರಡೂವರೆ ಗಂಟೆ ಹಾಡು ಕೇಳುತ್ತಾನೆಂದು ಎಣಿಸೋಣ. ೮೦ರ ಮಿತಿಯಲ್ಲಿದ್ದರೆ ವಾರವಿಡೀ ಕೇಳಿಯೂ ಅವನ ಪಾಲು ಮಿಗುತ್ತದೆ. ೮೯ಕ್ಕೆ ಏರಿಸಿಕೊಂಡನೆಂದರೆ ಮಂಗಳವಾರ ಸಂಜೆಗೇ ವಾರದ ಪಾಲು ಮುಗಿಯಿತು. ಆಮೇಲೆ ಕೇಳುವುದೆಲ್ಲ ಸಾಲ. ಈ ಸಾಲವನ್ನು ತೀರಿಸುವ ಉಪಾಯವಿಲ್ಲ. ಮೊಬೈಲಿನ ವಾಲ್ಯೂಮನ್ನು ನೂರಕ್ಕೆ ಅರವತ್ತರ ಗೆರೆಯನ್ನು ದಾಟಿಸಕೂಡದೆಂಬುದು ಸುಲಭವಾದ ನಿಯಮ. ಅನೇಕ ಮೊಬೈಲುಗಳಲ್ಲಿ ಮಿತಿಯನ್ನು ಮೊದಲೇ ಗೊತ್ತುಮಾಡಿಡುವ ಏರ್ಪಾಡೂ ಉಂಟು. ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ಇದನ್ನು ಮಾಡಿಡತಕ್ಕದ್ದು.

ಪ್ರಯಾಣದಲ್ಲಿ

ನಮ್ಮ ಕಡೆ ಪ್ರಯಾಣವೆಂದರೆ ಬಹುಮಟ್ಟಿಗೆ ಬಸ್ಸು. ತುಮಕೂರಿನಿಂದ ಕೊರಟಗೆರೆ, ಮಧುಗಿರಿಗಳ ಮೇಲೆ ಪಾವಗಡಕ್ಕೆ ಸುಮಾರು ನೂರು ಕಿಲೋಮೀಟರು. ದಾರಿಯುದ್ದಕ್ಕೂ ಇಂಜಿನ್ನಿನ ಗುಡುಗು, ಕಿಟಕಿಯ ಗಾಜಿನ ಕಟಕಟ, ಹಾರನ್ನು, ಕಂಡಕ್ಟರ ಸೀಟಿ. ಈ ಗದ್ದಲವನ್ನು ಮೀರಿಸಬೇಕೆಂದು ಪ್ರಯಾಣಿಕನು ದನಿಯನ್ನು ಏರಿಸುತ್ತಾ ಹೋಗುತ್ತಾನೆ. ಇಳಿದ ಮೇಲೆ ಅದೇ ದನಿಯು ಅವನಿಗೇ ಕರ್ಕಶವಾಗಿ ತೋರುತ್ತದೆ. ಆದ್ದರಿಂದ ಪ್ರಯಾಣಕ್ಕೆ ಕೊಳ್ಳುವ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಹೊರಗಿನ ಗದ್ದಲವನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು. ಕಿವಿಯ ಬಾಯಲ್ಲಿ ಸುಮ್ಮನೆ ತೂಗುವ ಇಯರ್‌ಫೋನಿಗಿಂತ ರಬ್ಬರಿನ ಮೆತ್ತನೆಯ ತುದಿಯುಳ್ಳದ್ದು ಮೇಲು. ಸಾಧಾರಣವಾಗಿ ಮೂರು ಅಳತೆಯ ತುದಿಗಳನ್ನು ಪೆಟ್ಟಿಗೆಯಲ್ಲಿಯೇ ಕೊಟ್ಟಿರುತ್ತಾರೆ. ಅನೇಕರು ಅವನ್ನು ಬಿಚ್ಚಿಯೂ ನೋಡುವುದಿಲ್ಲ. ಮೂರನ್ನೂ ಹಾಕಿ ನೋಡಿ, ನೋಯಿಸದೆ ಬಿಗಿಯಾಗಿ ಕೂರುವುದನ್ನು ಆರಿಸಿಕೊಂಡರೆ ಅರ್ಧ ಗದ್ದಲವು ತಾನಾಗಿ ಅಡಗುತ್ತದೆ. ಮಂದ್ರಸ್ವರವೂ ತುಂಬಿ ಕೇಳುತ್ತದೆ.

ಗದ್ದಲವನ್ನು ಅಳಿಸುವ ವಿದ್ಯುದ್ಯಂತ್ರಗಳೂ ಈಗ ಬಂದಿವೆ. ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ್ ಬೋಸ್ ಎಂಬ ವಿಜ್ಞಾನಿಗೆ ೧೯೭೮ರಲ್ಲಿ ವಿಮಾನದಲ್ಲಿ ಬರುತ್ತಿರುವಾಗ ಈ ಆಲೋಚನೆಯು ಹೊಳೆಯಿತು. ೧೯೮೯ರಲ್ಲಿ ಅವರ ಸಂಸ್ಥೆಯು ವಿಮಾನಚಾಲಕರಿಗಾಗಿ ಅಂಥ ಹೆಡ್‌ಸೆಟ್ಟನ್ನು ಮಾರಾಟಕ್ಕೆ ತಂದಿತು. ಹೊರಗಿನ ಗದ್ದಲವನ್ನು ಚಿಕ್ಕ ಮೈಕು ಹಿಡಿಯುತ್ತದೆ. ಅದಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಯಂತ್ರವು ಒಳಗೆ ಹುಟ್ಟಿಸುತ್ತದೆ. ಉಬ್ಬಿಗೆ ತಗ್ಗು ಸೇರಿ ಎರಡೂ ಅಡಗುತ್ತವೆ. ಇಂಜಿನ್ನಿನಂತೆ ಒಂದೇ ಸಮನಾಗಿ ಮೊರೆಯುವ ದನಿಗೆ ಇದು ಒಳ್ಳೆಯ ಮದ್ದು. ಸೀಟಿ, ಹಾರನ್ನು, ಮಗುವಿನ ಅಳು, ಇಂಥವಕ್ಕೆ ಅಷ್ಟಾಗಿ ನಾಟುವುದಿಲ್ಲ. ಹೆಚ್ಚು ಓಡಾಡದವರು ಇದಕ್ಕೆಂದು ಹಣ ತೆರಬೇಕಾದದ್ದಿಲ್ಲ.

ವೈರಿನದೋ ವೈರಿಲ್ಲದ್ದೋ ಎಂಬುದು ಮುಂದಿನ ಪ್ರಶ್ನೆ. ವೈರಿನದಕ್ಕೆ ಚಾರ್ಜು ಬೇಡ, ಬೆಲೆ ಕಡಿಮೆ, ಕಳೆದುಹೋಗುವ ಭಯವೂ ಅಲ್ಪ; ವೈರು ಪಿನ್ನಿನ ಬುಡದಲ್ಲಿ ತುಂಡಾಗುವುದೇ ಅದರ ದೊಡ್ಡ ರೋಗ. ಈಗಿನ ಅನೇಕ ಮೊಬೈಲುಗಳಲ್ಲಿ ಪಿನ್ನು ಚುಚ್ಚುವ ರಂಧ್ರವೇ ಇಲ್ಲದಿರುವುದರಿಂದ ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಬ್ಲೂಟೂತಿನದು ಹಗುರ, ಸಿಕ್ಕು ಬೀಳುವುದಿಲ್ಲ. ಆದರೆ ಅದರ ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಕಿವಿಯೊಳಗಿಡುವ ಪುಟ್ಟ ಗುಂಡಿಗಳಲ್ಲಿ ಅದನ್ನು ಬದಲಿಸುವುದು ಬಹುಮಟ್ಟಿಗೆ ಆಗದ ಕೆಲಸ. ಪಾವಗಡದ ಬೇಸಗೆಯ ಧೂಳನ್ನು ಬಲ್ಲವರು ಪೆಟ್ಟಿಗೆಯ ಮೇಲೆ “ಐಪಿ” ಎಂಬ ಗುರುತಿನ ಮುಂದಿರುವ ಅಂಕಿಗಳನ್ನು ಓದುವುದು ಒಳ್ಳೆಯದು. ಮೊದಲನೆಯ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ೫೪ ಎಂದಿದ್ದರೆ ಧೂಳನ್ನೂ ಬೆವರು ಹನಿಗಳನ್ನೂ ತಕ್ಕಮಟ್ಟಿಗೆ ತಡೆದೀತು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಈ ಯಂತ್ರಗಳು ಕುಳಿತಿರುವ ಪ್ರಯಾಣಿಕನಿಗೆ ಸಲ್ಲುವುವೇ ಹೊರತು ವಾಹನ ನಡೆಸುವವನಿಗೂ ರಸ್ತೆ ದಾಟುವವನಿಗೂ ಅಲ್ಲ. ಸಿರಾದ ಬಳಿ ಹೆದ್ದಾರಿಯಲ್ಲಿ ಬರುವ ಲಾರಿಯು ಬೆನ್ನಹಿಂದೆ ಇದ್ದಾಗ ನಮಗೆ ಕಣ್ಣಿಲ್ಲ; ಕಿವಿಯೇ ಅಲ್ಲಿ ಕಣ್ಣು.

ಮನೆಯಲ್ಲಿ

ಮನೆಗೆ ಮೊದಲು ಬೇಕಾದದ್ದು ಹೆಡ್‌ಫೋನಲ್ಲ, ಒಂದು ಒಳ್ಳೆಯ ಸ್ಪೀಕರು. ಸಂಜೆಯ ಗಮಕವಾಚನವನ್ನಾಗಲಿ ಬೆಳಗಿನ ಆಕಾಶವಾಣಿಯ ಗೀತೆಯನ್ನಾಗಲಿ ಮನೆಯವರೆಲ್ಲ ಒಟ್ಟಿಗೆ ಕೇಳಿದಾಗ ಅದರ ಮೇಲೆ ನಾಲ್ಕು ಮಾತು ಹುಟ್ಟುತ್ತವೆ, ಮಕ್ಕಳು ಅರ್ಥ ಕೇಳುತ್ತಾರೆ. ನಾಲ್ವರೂ ಕಿವಿ ಮುಚ್ಚಿಕೊಂಡು ನಾಲ್ಕು ಮೂಲೆಯಲ್ಲಿ ಕುಳಿತರೆ ಅದು ಛತ್ರವಾದೀತು, ಮನೆಯಾಗಲಾರದು. ಕಲ್ಲುಚಪ್ಪಡಿಯ ಸೂರು, ಗಾರೆಯ ನೆಲ, ಬರಿಯ ಗೋಡೆಗಳುಳ್ಳ ಮನೆಗಳಲ್ಲಿ ದನಿಯು ಮಾರ್ದನಿಗೊಂಡು ಮಾತು ಕಲಸಿಹೋಗುತ್ತದೆ. ದನಿಯನ್ನು ಏರಿಸುವುದು ಇದಕ್ಕೆ ಪರಿಹಾರವಲ್ಲ. ಕಿಟಕಿಗೆ ದಪ್ಪನೆಯ ಪರದೆ, ನೆಲಕ್ಕೆ ಜಮಖಾನ, ಗೋಡೆಯ ಪಕ್ಕದಲ್ಲಿ ಪುಸ್ತಕದ ಬೀರು, ಇಷ್ಟಿದ್ದರೆ ಸಾಕು. ಸ್ಪೀಕರನ್ನು ಮೂಲೆಯಲ್ಲಿಟ್ಟರೆ ಮಂದ್ರವು ಗುಂಯ್‌ಗುಡುತ್ತದೆ; ಗೋಡೆಯಿಂದ ಒಂದೆರಡು ಮೊಳ ಮುಂದಕ್ಕೆ, ಕುಳಿತವರ ಕಿವಿಯ ಎತ್ತರಕ್ಕೆ ಇಡಬೇಕು.

ರಾತ್ರಿಯ ಹೊತ್ತಿಗೂ ಪರೀಕ್ಷೆಗೆ ಓದುವವರಿರುವ ಮನೆಗೂ ಹೆಡ್‌ಫೋನು ಅವಶ್ಯಕ. ಕಿವಿಯನ್ನು ಪೂರ್ತಿಯಾಗಿ ಸುತ್ತುವ ಮೆತ್ತೆಯುಳ್ಳದ್ದು ಮನೆಗೆ ಹಿತ. ಹಿಂಬದಿ ತೆರೆದಿರುವ ಜಾತಿಯು ಸಂಗೀತಕ್ಕೆ ಬಲು ಸೊಗಸು; ಆದರೆ ದನಿಯು ಹೊರಕ್ಕೆ ಸೋರುವುದರಿಂದ ಬಸ್ಸಿಗೆ ತಕ್ಕದ್ದಲ್ಲ. ಟೆಲಿವಿಷನ್ ನೋಡುವಾಗ ಕೆಲವು ಬ್ಲೂಟೂತ್ ಯಂತ್ರಗಳಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ, ಕೊಳ್ಳುವಾಗ ಪರೀಕ್ಷಿಸಿಕೊಳ್ಳಿ.

ಹಿರಿಯರ ಕಿವಿ

ಮನುಷ್ಯನ ಕಿವಿಯು ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗಿನ ದನಿಯನ್ನು ಗ್ರಹಿಸಬಲ್ಲದು. ವಯಸ್ಸಾದಂತೆ ಮೇಲಿನ ಕಂಪನಗಳು ಮೊದಲು ಮರೆಯಾಗುತ್ತವೆ. ಶ, ಷ, ಸ ಎಂಬ ಊಷ್ಮಾಕ್ಷರಗಳ ಪ್ರಾಣವಿರುವುದು ಅಲ್ಲಿಯೇ. ಪಂಕ್ತಿಯಲ್ಲಿ ಮೊಮ್ಮಗನು “ಸಾಕು ಅಜ್ಜಿ” ಎಂದರೆ ಅಜ್ಜಿಗೆ “ಹಾಕು” ಎಂದು ಕೇಳಿ ಇನ್ನೊಂದು ಸೌಟು ಸಾರು ಬೀಳುತ್ತದೆ. ಮನೆಯವರು ನಗುತ್ತಾರೆ. ಅಜ್ಜಿಯು ಟೆಲಿವಿಷನ್ನಿನ ದನಿಯನ್ನು ಏರಿಸುತ್ತಾರೆ, ಮಗನು ಇಳಿಸುತ್ತಾನೆ. ಕ್ರಮೇಣ ಅವರು ಮಾತಿನಿಂದಲೇ ದೂರ ಸರಿದು ಮೂಲೆ ಸೇರುತ್ತಾರೆ. ಇಂಥವರಿಗೆ ಹೆಡ್‌ಫೋನನ್ನು ಕೊಟ್ಟು ಸಮಾಧಾನಪಡುವುದು ಸಲ್ಲದು. ಹೆಡ್‌ಫೋನು ಎಲ್ಲ ಸ್ವರಗಳನ್ನೂ ಒಟ್ಟಾಗಿ ಏರಿಸುತ್ತದೆ. ಶ್ರವಣಸಾಧನವಾದರೋ ಪರೀಕ್ಷೆ ಮಾಡಿ, ಕುಂದಿದ ಕಂಪನಗಳನ್ನಷ್ಟೇ ತಕ್ಕಷ್ಟು ಎತ್ತಿ ಕೊಡುತ್ತದೆ. ಮೊದಲು ಕಿವಿಯ ವೈದ್ಯರಲ್ಲಿ ಪರೀಕ್ಷೆಯಾಗಲಿ. ಕೆಲವೊಮ್ಮೆ ಗುಗ್ಗೆಯನ್ನು ತೆಗೆಸಿದರೇ ಸಾಕಾಗುವುದೂ ಉಂಟು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗನು ಮಂದನೆಂದು ತೋರಿದರೆ ಅವನಿಗೂ ಇದೇ ಪರೀಕ್ಷೆಯು ಮೊದಲಾಗತಕ್ಕದ್ದು.

ಅಂಗಡಿಯಲ್ಲಿ

ಪೆಟ್ಟಿಗೆಯ ಮೇಲೆ ೨೦ರಿಂದ ೨೦,೦೦೦ ಎಂದು ಅಚ್ಚಾಗಿರುವುದನ್ನು ಕಂಡು ಮರುಳಾಗಬೇಡಿ. ಇನ್ನೂರು ರೂಪಾಯಿಯದರ ಮೇಲೂ ಅದೇ ಅಂಕಿಯಿರುತ್ತದೆ. ವೈರಿನ ಹೆಡ್‌ಫೋನಾದರೆ ಓಮ್ ಎಂಬ ಅಂಕಿಯನ್ನು ನೋಡಬಹುದು. ೧೬ರಿಂದ ೩೨ರವರೆಗಿನದನ್ನು ಮೊಬೈಲು ಸುಲಭವಾಗಿ ನುಡಿಸುತ್ತದೆ. ೨೫೦, ೩೦೦ ಎಂದಿರುವುದಕ್ಕೆ ಸಾಮಾನ್ಯವಾಗಿ ಬೇರೆ ಆಂಪ್ಲಿಫೈಯರು ಬೇಕು.

ಮಿಕ್ಕದ್ದನ್ನು ಕಿವಿಯೇ ತೀರ್ಮಾನಿಸಲಿ. ಅಂಗಡಿಯವನು ಹಾಕುವ ಹಾಡನ್ನು ಬಿಟ್ಟು ನಿಮಗೆ ಚೆನ್ನಾಗಿ ಪರಿಚಯವಿರುವುದನ್ನು ಒಯ್ಯಿರಿ: ಒಂದು ವಾರ್ತೆ, ಒಂದು ವೀಣೆ, ಒಂದು ಗಣೆಯ ನುಡಿತ. ದನಿಯನ್ನು ಮೆಲ್ಲಗಿಡಿ. ವಾರ್ತೆಯಲ್ಲಿ ಸಕಾರ ಶಕಾರಗಳು ಸಿಡಿಯದೆ ಬೇರೆಬೇರೆಯಾಗಿ ಕೇಳಿಸಬೇಕು. ವೀಣೆಯಲ್ಲಿ ಮೀಟಿದ ಸ್ವರವು ಕರಗುವ ತನಕ ಹಿಂಬಾಲಿಸಲು ಆಗಬೇಕು. ಗಣೆಯಲ್ಲಿ ಸ್ವರದ ಜೊತೆಗೆ ಊದುವವನ ಉಸಿರೂ ತಿಳಿಯಬೇಕು. ಹಿಂದೆ ತಮಟೆಯೊಂದೇ ಬಡಿಯುತ್ತಿದ್ದಂತೆ ತೋರಿದರೆ ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಕನ್ನಡಕ ಹಾಕುವವರು ಕನ್ನಡಕದೊಡನೆಯೇ ಕಾಲುಗಂಟೆ ಧರಿಸಿ ನೋಡಿರಿ. ರಸೀದಿಯನ್ನು ಮರೆಯದೆ ಪಡೆಯಿರಿ.

ಮನೆಗೆ ತಂದ ಮೇಲೆ ನಡೆಸಬೇಕಾದ ಪರೀಕ್ಷೆಯು ಖರ್ಚಿಲ್ಲದ್ದು. ಒಬ್ಬರು ಹೆಡ್‌ಫೋನು ಧರಿಸಿ ಕೇಳುತ್ತಿರಲಿ. ಮತ್ತೊಬ್ಬರು ಒಂದು ಮಾರು ದೂರದಲ್ಲಿ ನಿಂತು ಸಾಧಾರಣವಾದ ದನಿಯಲ್ಲಿ ಹೆಸರು ಹಿಡಿದು ಕರೆಯಲಿ. ತಲೆಯೆತ್ತಿ ಓಗೊಟ್ಟರೆ ದನಿಯು ಮಿತಿಯಲ್ಲಿದೆ, ಇಲ್ಲವಾದರೆ ಇಳಿಸತಕ್ಕದ್ದು. ಬೇಸಗೆಯ ರಜಕ್ಕೆ ಮಕ್ಕಳು ಮನೆಗೆ ಬಂದಾಗ ಈ ಪರೀಕ್ಷೆಯನ್ನು ಆಟವಾಗಿಯೇ ಕಲಿಸಿದರೆ ಅವರು ಅಜ್ಜ ಅಜ್ಜಿಯರಾಗುವ ಕಾಲಕ್ಕೂ “ಸಾಕು” ಎಂಬುದು “ಸಾಕು” ಎಂದೇ ಕೇಳಿಸೀತು.