ಹೊಸ ಬಣ್ಣ, ಹಸಿ ಗೋಡೆ

ಕಳೆದ ಬೇಸಗೆಯಲ್ಲಿ ಅಕ್ಕನ ಮದುವೆಗೆಂದು ನಮ್ಮ ನಡುಮನೆಗೆ ಎಮಲ್ಷನ್ ಬಣ್ಣ ಹೊಡೆಸಿದೆವು. ವಾರದೊಳಗೆ ಗೋಡೆಯಲ್ಲಿ ಮೂರು ದೋಷಗಳು ಕಂಡವು: ಇಳಿದು ಒಣಗಿದ ಗೆರೆ, ಗುಳ್ಳೆ, ಬಿಳಿಯ ಪುಡಿ. ನಾನು ಅವಸರಪಟ್ಟು ಮೂರರ ಮೇಲೂ ಇನ್ನೊಂದು ಕೈ ಬಣ್ಣ ಬಳಿದೆ. ದೋಷ ಹೋಗಲಿಲ್ಲ, ನನ್ನ ತೇಪೆಗಳೂ ಅದಕ್ಕೆ ಸೇರಿದವು.

ಬಣ್ಣದ ಮೇಸ್ತ್ರಿ ಬಂದು ನೋಡಿ ಒಂದೊಂದಕ್ಕೂ ಕಾರಣ ತಿಳಿಸಿದರು. ಕುಂಚಕ್ಕೆ ಬಣ್ಣ ಹೆಚ್ಚಾದರೆ ಗೆರೆ ಇಳಿಯುತ್ತದೆ. ಅದು ಪೂರ್ತಿ ಒಣಗಿದ ಮೇಲೆ 220ನೆಯ ನಂಬರಿನ ಎಮರಿ ಕಾಗದದಿಂದ ಉಜ್ಜಿ, ಧೂಳೊರೆಸಿ, ತೆಳುವಾಗಿ ಬಳಿಯಬೇಕು. ತಳದಲ್ಲಿ ತೇವವೋ ಧೂಳೋ ಇದ್ದರೆ ಬಣ್ಣ ಹಿಡಿಯದೆ ಗುಳ್ಳೆಯೇಳುತ್ತದೆ. ಅದನ್ನು ಗಟ್ಟಿ ತಳ ಸಿಗುವವರೆಗೆ ಕೆರೆದು, ಒಣಗಿಸಿ, ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ತೇಪೆ ಕಾಣದಿರಲು ಕೊನೆಯ ಕೈಯನ್ನು ಮೂಲೆಯಿಂದ ಮೂಲೆಯವರೆಗೆ ಇಡೀ ಗೋಡೆಗೆ ಕೊಡಬೇಕು.

ಬಿಳಿಯ ಪುಡಿಯ ಕಥೆ ಬೇರೆ. ಇಟ್ಟಿಗೆ, ಸಿಮೆಂಟುಗಳಲ್ಲಿರುವ ಲವಣ ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ; ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ತೊಳೆದರೆ ಅದು ಮತ್ತೆ ಕರಗಿ ಗೋಡೆಯೊಳಕ್ಕೇ ಇಳಿಯಬಹುದು. ಆದುದರಿಂದ ಒಣ ಬ್ರಷ್ಷಿನಿಂದ ಉದುರಿಸಬೇಕು. ಅದಕ್ಕೂ ಮೊದಲು ನೀರಿನ ಮೂಲ ಹುಡುಕಬೇಕು. ನಮ್ಮಲ್ಲಿ ಅದು ಗೋಡೆಯಾಚೆಯ ಬಚ್ಚಲ ಕೊಳಾಯಿ.

ಕೊಳಾಯಿ ಒಂದೇ ದಿನದಲ್ಲಿ ರಿಪೇರಿಯಾಯಿತು. ಗೋಡೆ ಒಣಗಲು ವಾರಗಳು ಬೇಕಾದವು. ಮದುವೆಯ ದಿನ ಆ ಭಾಗ ಬೋಳಾಗಿಯೇ ಇತ್ತು. ಜಮಖಾನ ತೂಗಿ ಮರೆಮಾಡೋಣವೆಂದೆ. ಅಕ್ಕನೇ "ಬೇಡ, ಗಾಳಿಯಾಡಲಿ" ಎಂದಳು. ಗೌರಿಹಬ್ಬಕ್ಕೆ ಆಕೆ ತವರಿಗೆ ಬರುವ ಹೊತ್ತಿಗೆ ಆ ಗೋಡೆಗೆ ನಾನೇ ಬಣ್ಣ ಬಳಿದಿದ್ದೆ. ಕಲೆ ಎಲ್ಲಿತ್ತೆಂದು ಅವಳಿಗೆ ಗುರುತು ಸಿಗಲಿಲ್ಲ.